ನಿಮ್ಮ ಹೋರಿಯ ಅಪ್ಪ ಯಾರು? ಪಶುಸಂಗೋಪನಾ ಸಚಿವರಿಗೂ ನಾಟಿ ದನ ಸಾಕುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರೇ, ಇಲಾಖೆಯ ಅಧಿಕಾರಿಗಳೇ, ಕೊಟ್ಟಿಗೆಯಲ್ಲಿ ಒಂದಾದರೂ ನಾಟಿ ದನ ಕಟ್ಟಿಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ರೈತ. ಮನೆಯಲ್ಲಿ ನಾಲ್ಕು ಹಳ್ಳಿಕಾರ್ ದನ ಇವೆ. ಎರಡು ಹಸು, ಒಂದು ಕಡಸು, ಒಂದು ಹೋರಿಕರು. ಪಕ್ಕದಲ್ಲೇ ಡೈರಿಗೆ ಹಾಲು ಹಾಕಲು ಎರಡು ಸೀಮೆ ಹಸುವೂ ಇವೆ. ಮನೆ ಖರ್ಚು ನಡೆಯುವುದು ಸೀಮೆ ಹಸುವಿನಿಂದ. ಹಾಗಾಗಿ ಸೀಮೆ ಹಸುವಿನ ವಿರುದ್ಧ ಮಾತಾಡಲು ನಾನು ಇಲ್ಲಿ ಬಂದಿಲ್ಲ. ನನಗೆ ಬೇಕಾಗಿರುವುದು ಒಂದು ಪುಸ್ತಕ. ನಮ್ಮ ದನಗಳ ಅಪ್ಪ ಯಾರು, ಅಮ್ಮ ಯಾರು ಎಂದು ಬರೆದಿಡುವ ಪುಸ್ತಕ. ಅದನ್ನು ನೋಡಿಕೊಳ್ಳಲು ದನ ಸಾಕುವವರದ್ದೇ ಒಂದು ಸಂಘ. ಇದನ್ನು ಕೇಳುವುದಕ್ಕೇ ಈ ಪತ್ರ.

ಯಾಕೆ ಕೇಳುತ್ತಿದ್ದೇನೆ ಎಂದು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ದನದ ಜಾತ್ರೆಯಲ್ಲಿ ಹಾಲುಹಲ್ಲಿನ ಹೋರಿ ಕೊಂಡೆ. ಬೀಜಕ್ಕೆ ಬಿಡಬೇಕು, ಊರಿಗೆ ಒಂದು ಒಳ್ಳೆ ಹೋರಿ ಇರಬೇಕು ಎನ್ನುವ ಆಸೆ. ಸುಳಿ ನೋಡಿದೆವು. ಗೊರಸು ನೋಡಿದೆವು. ನಡೆಸಿ ನೋಡಿದೆವು. ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸಿದರು. ಎರಡು ವರ್ಷ ಹಾಲಿನ ದುಡ್ಡಲ್ಲಿ ಉಳಿಸಿದ್ದೆಲ್ಲ ಅದಕ್ಕೇ ಹೋಯಿತು. ಮಾರಿದವರು 'ಅಪ್ಪಟ ಹಳ್ಳಿಕಾರ್' ಎಂದರು. ನೋಡಲೂ ಹಾಗೇ ಇತ್ತು.

ಹೋರಿ ಬಾಯಿಗೂಡುವ, ಅಂದರೆ ಹಾಲುಹಲ್ಲು ಬಿದ್ದು ಎಲ್ಲ ಹಲ್ಲೂ ಬರುವ ಮೊದಲೇ ಊರಿನ ಏಳೆಂಟು ಹಸು ಅದರಿಂದ ಗಬ್ಬ ಆದವು. ಕರುಗಳು ಹುಟ್ಟಿದವು. ಎರಡು ಕರುಗಳ ಕಿವಿ ಉದ್ದ, ಕೆಳಗೆ ಜೋತುಬಿದ್ದಿದ್ದವು. ಒಂದಕ್ಕೆ ಗಂಗೆದೊಗಲು, ಅಂದರೆ ಕತ್ತಿನ ಕೆಳಗೆ ಜೋಲುವ ಚರ್ಮ, ಮಡಿಕೆ ಮಡಿಕೆಯಾಗಿ ಇಳಿದಿತ್ತು. ಹಳ್ಳಿಕಾರ್‌ಗೆ ಕಿವಿ ಚಿಕ್ಕದು, ನೆಟ್ಟಗಿರುತ್ತದೆ. ಗಂಗೆದೊಗಲು ತೆಳ್ಳಗೆ, ಬಿಗಿ. ಎರಡು ತಲೆಮಾರಿನ ಹಿಂದೆ ಎಲ್ಲೋ ಬೇರೆ ತಳಿಯ ರಕ್ತ ಸೇರಿದೆ ಎಂದು ಹಿರಿಯರೊಬ್ಬರು ಹೇಳಿದರು. ಅವರ ಮಾತು ಸರಿ ಅನ್ನಿಸಿತು. ಮಾರಿದವರನ್ನು ಹುಡುಕಿಕೊಂಡು ಹೋದೆ. ಪಾಪ, ಅವರೂ ಇನ್ನೊಂದು ಜಾತ್ರೆಯಲ್ಲಿ ಕೊಂಡು ತಂದವರು. ಅವರಿಗೆ ಮಾರಿದವರು ಯಾರು ಎಂದು ಅವರಿಗೂ ನೆನಪಿಲ್ಲ. ಅಲ್ಲಿಗೆ ದಾರಿ ನಿಂತುಹೋಯಿತು.

ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಆದರೂ ಮೋಸ ಆಯಿತು. ನನಗಿಂತ ಜಾಸ್ತಿ ನಮ್ಮ ಬೀದಿಯ ಒಬ್ಬ ಅಕ್ಕನಿಗೆ. ಅವರಿಗಿದ್ದದ್ದು ಒಂದೇ ಹಳ್ಳಿಕಾರ್ ಹಸು, ಅವರ ಅತ್ತೆಯ ಕಾಲದಿಂದ ಮನೆಯಲ್ಲಿ ಹುಟ್ಟಿ ಬೆಳೆದ ಸಾಲು. ಆ ಸಾಲಿಗೆ ನನ್ನ ಹೋರಿಯಿಂದ ಕಲಬೆರಕೆ ಆಯಿತು. ಅವರು ಇವತ್ತಿಗೂ ಒಂದು ಮಾತು ಅಂದಿಲ್ಲ. ಅದೇ ನನಗೆ ಜಾಸ್ತಿ ನೋವು.

ಜಾತ್ರೆಯಲ್ಲಿ ನಾವು ಹಲ್ಲು ಎಣಿಸುತ್ತೇವೆ, ಬಾಲದ ಕುಚ್ಚು ನೋಡುತ್ತೇವೆ, ಬೆನ್ನ ಮೇಲೆ ಕೈ ಆಡಿಸುತ್ತೇವೆ. 'ಇದರ ಅಪ್ಪ ಯಾವುದು, ಯಾವ ಊರಿನದು, ಅದರ ಕರುಗಳು ಹೇಗಿವೆ' ಎಂದು ಕೇಳುವುದೇ ಇಲ್ಲ. ಕೇಳಿದರೂ ಉತ್ತರ ಹೇಳುವ ಪುಸ್ತಕ ಇಲ್ಲ.

ಮೊದಲು ಹಳ್ಳಿಕಾರ್ ಬಗ್ಗೆ ಒಂದಿಷ್ಟು ಹೇಳಬೇಕು. ಈಗಿನ ಹುಡುಗರು ಮೊಬೈಲಿನಲ್ಲಿ ಫೋಟೊ ನೋಡಿ ಹಳ್ಳಿಕಾರ್ ಎಂದರೆ ಕೊಂಬು ಎಂದುಕೊಂಡಿದ್ದಾರೆ. ಕೊಂಬು ಚೆಂದ ಹೌದು. ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ನೇರ ಹಿಂದಕ್ಕೆ ಹೋಗಿ, ಆಮೇಲೆ ಮೆಲ್ಲಗೆ ಬಾಗಿ ಚೂಪಾಗುತ್ತವೆ. ಹಣೆ ಉಬ್ಬಿ ನಡುವೆ ಒಂದು ಗೆರೆ ಬಿದ್ದಿರುತ್ತದೆ. ಮುಖ ಉದ್ದ, ಮೂತಿಯ ಕಡೆ ಸಣ್ಣ. ಮೈ ಬೂದು ಬಣ್ಣ, ಭುಜ ಮತ್ತು ತೊಡೆಯ ಮೇಲೆ ಕಪ್ಪು ಛಾಯೆ. ಆದರೆ ಹಳ್ಳಿಕಾರ್ ಹಳ್ಳಿಕಾರ್ ಆಗುವುದು ಕಾಲಲ್ಲಿ. ಸಣ್ಣ ಗಟ್ಟಿ ಗೊರಸು. ಕಲ್ಲು ದಾರಿಯಲ್ಲಿ ಗಾಡಿ ಎಳೆದುಕೊಂಡು ಬಿಸಿಲಲ್ಲಿ ದಿನವಿಡೀ ನಡೆದರೂ ಸಂಜೆ ತಲೆ ಎತ್ತಿಕೊಂಡೇ ಕೊಟ್ಟಿಗೆಗೆ ಬರುವ ತಾಕತ್ತು. ರಾಗಿ ಹುಲ್ಲು ತಿಂದು ಹೊಲ ಉಳುವ ಎತ್ತು ಅದು. 2000ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಗಿರ್, ಕಾಂಕ್ರೇಜ್, ಕಾಂಗೇಯಂ ಜೊತೆ ನಮ್ಮ ಹಳ್ಳಿಕಾರ್ ಕೂಡ ಇತ್ತು.

ಹಾಲಿನ ವಿಷಯದಲ್ಲಿ ಸುಳ್ಳು ಹೇಳಬಾರದು. ನಮ್ಮ ಮನೆಯ ಹಸು ಕರುವಿಗೆ ಬಿಟ್ಟು ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ದೊಡ್ಡದು. ಇದು ಹಾಲಿಗಾಗಿ ಕಟ್ಟಿದ ತಳಿಯೇ ಅಲ್ಲ, ದುಡಿಮೆಗಾಗಿ ಕಟ್ಟಿದ ತಳಿ. ಈಗ ನಾಟಿ ಹಸುವಿನ ಹಾಲು ಎಲ್ಲ ಕಾಯಿಲೆಗೂ ಮದ್ದು ಎನ್ನುವವರಿದ್ದಾರೆ. 'ಎ2 ಹಾಲು' (ಎ2 ಎಂಬ ಬಗೆಯ ಪ್ರೋಟೀನ್ ಇರುವ ಹಾಲು) ಎಂದು ಬಾಟಲಿ ಮೇಲೆ ಬರೆಯುವುದರ ಬಗ್ಗೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಬೇಡ ಎಂದು ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ವಾಪಸ್ ಪಡೆಯಿತು. ಅಂಥ ಜಗಳದ ಮೇಲೆ ನಮ್ಮ ತಳಿಯ ಭವಿಷ್ಯ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಇಲ್ಲದ ಗುಣ ಕಟ್ಟುವುದು ಬೇಡ. ಇರುವ ಗುಣವನ್ನೇ ಅಳೆದು ಬರೆದಿಡೋಣ.

ಇರುವ ಗುಣ ಕಡಿಮೆಯೇನಲ್ಲ. ನಮ್ಮ ರಾಜ್ಯದ ಮಣ್ಣು ಬದಲಾದ ಹಾಗೆ ದನವೂ ಬದಲಾಗುತ್ತದೆ. ಮಲೆನಾಡಿಗೆ ಹೋದರೆ ಮಲೆನಾಡು ಗಿಡ್ಡ. ಎದೆಯ ಮಟ್ಟಕ್ಕೂ ಬರದ ದನ. ತಿಂಗಳುಗಟ್ಟಲೆ ಮಳೆ ಹೊಯ್ದರೂ ಕಾಡಲ್ಲಿ ಮೇದು ಸಂಜೆ ತಾನೇ ಮನೆಗೆ ಬರುತ್ತದೆ. ಅಲ್ಲಿನವರು ಅದನ್ನು ಊರದನ ಎನ್ನುತ್ತಾರೆ. ವರ್ಷಾ ವರ್ಷ ಕರು ಹಾಕುತ್ತದೆ ಎಂದು ವರ್ಷಗಂಧಿ ಎಂದೂ ಕರೆಯುತ್ತಾರೆ. ಅದಕ್ಕೆ ಹಿಂಡಿ ಬೂಸಾ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ವಿಜಯಪುರ, ಬೆಳಗಾವಿ ಕಡೆ ಖಿಲಾರಿ. ಮೇಲಕ್ಕೆ ಬಿಲ್ಲಿನ ಹಾಗೆ ಬಾಗಿದ ಕೊಂಬು, ಓಟದಲ್ಲಿ ಚುರುಕು, ಬರಗಾಲಕ್ಕೆ ಗಟ್ಟಿ. ಬೀದರ್ ಕಡೆ ದೇವಣಿ. ಜೋಲು ಕಿವಿ, ಬಿಳಿ ಮೈಮೇಲೆ ಕಪ್ಪು ಮಚ್ಚೆ ಇರುವವು, ಮುಖ ಮಾತ್ರ ಕಪ್ಪಿರುವವು, ಪೂರ್ತಿ ಬಿಳಿ ಇರುವವು ಎಂದು ಅದರಲ್ಲೇ ಮೂರು ಬಗೆ. ಅದು ಉಳುಮೆಗೂ ಆಗುತ್ತದೆ, ಒಂದಿಷ್ಟು ಹಾಲೂ ಕೊಡುತ್ತದೆ.

ಇನ್ನೊಂದು ತಳಿ ಇದೆ. ಈ ಪತ್ರ ಬರೆಯಬೇಕು ಅನ್ನಿಸಿದ್ದು ಅದರ ಕತೆ ತಿಳಿದ ಮೇಲೆ. ಅದರ ಹೆಸರು ಕೃಷ್ಣಾ ಕಣಿವೆ ತಳಿ.

ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ಬಯಲಿನ ಎರೆ ಭೂಮಿ ಹೇಗೆ ಎಂದು ಅಲ್ಲಿ ಉತ್ತವರಿಗೇ ಗೊತ್ತು. ಮಳೆ ಬಿದ್ದರೆ ಕಾಲು ಹೂತುಹೋಗುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಅಲ್ಲಿಗೆ ಹಳ್ಳಿಕಾರ್‌ನಂಥ ಹಗುರ ಎತ್ತು ಸಾಲದು. ನಿಧಾನ ಹೋದರೂ ಸರಿ, ಭಾರ ಹಾಕಿ ಎಳೆಯುವ ದೊಡ್ಡ ಮೈಯ ಎತ್ತು ಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಸಾಂಗ್ಲಿ, ಮೀರಜ್ ಮೊದಲಾದ ಸಂಸ್ಥಾನಗಳ ಆಸರೆಯಲ್ಲಿ ಗಿರ್, ಒಂಗೋಲ್ ಮತ್ತು ಇಲ್ಲಿನ ದನಗಳನ್ನು ಕೂಡಿಸಿ ಆ ತಳಿಯನ್ನು ಬೆಳೆಸಿದರು. ಆಮೇಲೆ ಅದು ಸಮುದ್ರ ದಾಟಿತು. ಅಮೆರಿಕದ ದಕ್ಷಿಣದ ಬಿಸಿಲು, ಉಣ್ಣಿ ಹುಳುಗಳ ಕಾಟಕ್ಕೆ ಯುರೋಪಿನ ದನ ತಡೆಯುತ್ತಿರಲಿಲ್ಲ. ಅಲ್ಲಿನವರು ಭಾರತದ ದನ ತರಿಸಿಕೊಂಡು 'ಬ್ರಾಹ್ಮನ್' ಎಂಬ ಹೊಸ ತಳಿ ಕಟ್ಟಿದರು. ಅದರಲ್ಲಿ ಸೇರಿದ ತಳಿಗಳು ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಒಂಗೋಲ್ ಮತ್ತು ನಮ್ಮ ಕೃಷ್ಣಾ ಕಣಿವೆ. 1924ರಲ್ಲಿ ಬ್ರಾಹ್ಮನ್ ಸಾಕುವವರು ಸೇರಿ ತಮ್ಮ ಸಂಘ ಮಾಡಿಕೊಂಡರು, ವಂಶದ ಪುಸ್ತಕ ತೆರೆದರು. ಆ ಸಂಘ ಇವತ್ತಿಗೂ ಇದೆ. ಅದು ತನ್ನ ತಳಿಯ ಹುಟ್ಟಿನ ಕತೆ ಹೇಳುವಾಗ ಕೃಷ್ಣಾ ಕಣಿವೆಯ ಹೆಸರು ಹೇಳುತ್ತದೆ.

ಇಲ್ಲಿ ಬಾಗಲಕೋಟೆ, ಬೆಳಗಾವಿ ಕಡೆ ಓಡಾಡಿ ಕೃಷ್ಣಾ ಕಣಿವೆಯ ಒಂದು ಒಳ್ಳೆ ಜೊತೆ ಎತ್ತು ತೋರಿಸಿ ಎಂದು ಕೇಳಿ ನೋಡಿ. ಹುಡುಕಬೇಕು. ತಳಿ ಬೆಳೆಸಿದ ಸಂಸ್ಥಾನಗಳು ಹೋದವು. ಟ್ರ್ಯಾಕ್ಟರ್ ಬಂತು. ಅದನ್ನು ತನ್ನದು ಎಂದು ಹಿಡಿದಿಟ್ಟುಕೊಳ್ಳುವ ರೈತರ ಕೂಟ ಒಂದೂ ಇರಲಿಲ್ಲ. ಕೃಷ್ಣೆಯ ದಡದಲ್ಲಿ ಹುಟ್ಟಿದ ರಕ್ತದ ಲೆಕ್ಕ ಅಮೆರಿಕದ ಟೆಕ್ಸಸ್‌ನಲ್ಲಿ ಸಿಗುತ್ತದೆ, ಕೃಷ್ಣೆಯ ದಡದಲ್ಲಿ ಸಿಗುವುದಿಲ್ಲ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಬ್ರೆಜಿಲ್ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ನೆಲ್ಲೂರಿನ ಹೆಸರಲ್ಲಿ ಹೋದ ಒಂಗೋಲ್ ದನ ಅಲ್ಲಿ 'ನೆಲೋರ್' ಆಗಿ ದೇಶದ ತುಂಬ ತುಂಬಿದೆ. ಗಿರ್ ಅಲ್ಲಿ ಹಾಲಿನ ಹಸು ಆಗಿ ಬೆಳೆದಿದೆ. ಅದು ಬರೀ ಹುಲ್ಲುಗಾವಲಿನಿಂದ ಆದದ್ದಲ್ಲ. ಉಬೆರಾಬಾ ಎಂಬ ಊರಿನಲ್ಲಿ ಸಾಕುವವರು ಸೇರಿ ಸಂಘ ಮಾಡಿಕೊಂಡರು. 1938ರಲ್ಲಿ ಅಲ್ಲಿನ ಸರ್ಕಾರ ಭಾರತ ಮೂಲದ ತಳಿಗಳ ವಂಶದ ದಾಖಲೆ ಇಡುವ ಕೆಲಸವನ್ನು ಆ ಸಂಘಕ್ಕೇ ಒಪ್ಪಿಸಿತು. ಸಚಿವರೇ, ಈ ಒಂದು ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ಪುಸ್ತಕಕ್ಕೆ ಮೊಹರು ಸರ್ಕಾರದ್ದು, ಬರೆಯುವ ಕೈ ಸಾಕುವವರದ್ದು. ಸಂಘದ ಆಳು ಕೊಟ್ಟಿಗೆಗೆ ಹೋಗಿ ಕರು ನೋಡುತ್ತಾನೆ. ತಳಿಯ ಲಕ್ಷಣ ಇದ್ದರೆ ಗುರುತು ಹಾಕುತ್ತಾನೆ, ಇಲ್ಲದಿದ್ದರೆ ಇಲ್ಲ. ಹಾಲು ಅಳೆದು ಬರೆಯುತ್ತಾರೆ. ಕೊಳ್ಳುವವನು ದುಡ್ಡು ಕೊಡುವುದು ದನಕ್ಕೆ ಮಾತ್ರ ಅಲ್ಲ, ಆ ಕಾಗದಕ್ಕೂ ಕೂಡ.

ಈ ಪದ್ಧತಿ ಶುರುವಾದದ್ದು ಇಂಗ್ಲೆಂಡಿನಲ್ಲಿ. 1822ರಲ್ಲಿ ಜಾರ್ಜ್ ಕೋಟ್ಸ್ ಎಂಬ ಒಬ್ಬ ಮನುಷ್ಯ ಶಾರ್ಟ್‌ಹಾರ್ನ್ ದನಗಳ ವಂಶಾವಳಿ ಕೂಡಿಸಿ ಪುಸ್ತಕ ತಂದರು. ಶಾರ್ಟ್‌ಹಾರ್ನ್ ಸಂಘ ಹುಟ್ಟಿ ಆ ಪುಸ್ತಕದ ಹೊಣೆ ಹೊತ್ತದ್ದು ಅದಾದ ಐವತ್ತು ವರ್ಷದ ಮೇಲೆ. ಅಂದರೆ ಮೊದಲು ಪುಸ್ತಕ, ಆಮೇಲೆ ಸಂಘ. ನನಗೆ ಇದು ಧೈರ್ಯ ಕೊಟ್ಟ ವಿಷಯ. ದೊಡ್ಡ ಕಟ್ಟಡ, ದೊಡ್ಡ ಅನುದಾನ ಬರುವವರೆಗೂ ಕಾಯಬೇಕಾಗಿಲ್ಲ.

ಜರ್ಸಿ ಎನ್ನುವ ಹೆಸರು ನಮ್ಮ ಹಳ್ಳಿ ಹಳ್ಳಿಯಲ್ಲೂ ಇದೆ. ಆದರೆ ಜರ್ಸಿ ಎಂಬುದು ಒಂದು ದ್ವೀಪ, ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು ಎಂಬುದು ಎಷ್ಟು ಜನಕ್ಕೆ ಗೊತ್ತು? ಅಲ್ಲಿನ ಜನ 1789ರಲ್ಲೇ ಹೊರಗಿನ ದನ ದ್ವೀಪಕ್ಕೆ ಬರಬಾರದು ಎಂದು ಕಾನೂನು ಬಿಗಿ ಮಾಡಿದರು. 1866ರಲ್ಲಿ ವಂಶದ ಪುಸ್ತಕ ತೆರೆದರು. ಅಷ್ಟು ಚಿಕ್ಕ ದ್ವೀಪದ ಹಸು ಇವತ್ತು ಪ್ರಪಂಚದ ತುಂಬ ಇದೆ, ನನ್ನ ಕೊಟ್ಟಿಗೆಯಲ್ಲೂ ಅದರ ರಕ್ತ ಇದೆ. ಅವರ ಹಸು ನಮ್ಮ ಹಸುವಿಗಿಂತ ಹುಟ್ಟಿನಿಂದಲೇ ಮೇಲು ಎಂದು ನಾನು ಒಪ್ಪುವುದಿಲ್ಲ. ಅವರು ಬರೆದಿಟ್ಟರು, ಬರೆದದ್ದನ್ನು ನೋಡಿ ಆರಿಸಿದರು. ನಾವು ನೆನಪಿನಲ್ಲಿ ಇಟ್ಟುಕೊಂಡೆವು. ನೆನಪು ಇಟ್ಟುಕೊಂಡ ಅಜ್ಜಂದಿರು ಹೋದರು.

ಹಾಗಂತ ಲೆಕ್ಕ ಇಡುವುದು ನಮಗೆ ಗೊತ್ತೇ ಇರಲಿಲ್ಲ ಎಂದಲ್ಲ. ಮೈಸೂರಿನ ದನಗಳ ಲೆಕ್ಕಕ್ಕೆ ಮುನ್ನೂರು ವರ್ಷಕ್ಕೂ ಜಾಸ್ತಿ ಇತಿಹಾಸ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಇತ್ತು. ಅರಮನೆಯ ಹಿಂಡಿಗೆ ಅಲ್ಲಲ್ಲಿ ಕಾವಲು, ಅಂದರೆ ಮೇಯಲು ಮೀಸಲಿಟ್ಟ ಹುಲ್ಲು ಬಯಲು, ಬಿಟ್ಟಿದ್ದರು. ಹೈದರ್ ಅದನ್ನು ಸೈನ್ಯದ ಬಂಡಿ, ತೋಪು ಎಳೆಯಲು ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಹಿಂಡು ಹೇಗೆ ನೋಡಿಕೊಳ್ಳಬೇಕು ಎಂದು ಹುಕುಂನಾಮೆ ಹೊರಡಿಸಿದ. 1799ರ ನಂತರ ಬ್ರಿಟಿಷರ ಕೈಗೆ ಹೋದಾಗಲೂ ಆ ಕಟ್ಟಳೆಗಳ ಮೇಲೇ ಕೆಲಸ ನಡೆಯಿತು. ಅಮೃತ ಮಹಲ್ ಹಸುವಿನ ಹಾಲು ಕರೆಯುತ್ತಿರಲಿಲ್ಲ, ಪೂರ್ತಿ ಕರುವಿಗೇ. ಬಯಲಲ್ಲಿ ಹುಟ್ಟಿ ಬಯಲಲ್ಲೇ ಬೆಳೆಯುವ ಅರೆಕಾಡು ದನ. ಪಳಗಿಸುವುದು ಕಷ್ಟ, ಪಳಗಿದ ಮೇಲೆ ಅದರ ವೇಗಕ್ಕೆ ಸಾಟಿ ಇಲ್ಲ.

1860ರಲ್ಲಿ ಮದ್ರಾಸ್ ಸರ್ಕಾರ ಖರ್ಚು ಜಾಸ್ತಿ ಎಂದು ಆ ಹಿಂಡನ್ನೇ ಮಾರಿಬಿಟ್ಟಿತು. ಕೆಲವೇ ವರ್ಷದಲ್ಲಿ ಒಳ್ಳೆ ಎತ್ತು ಸಿಗದೆ ತಪ್ಪು ಗೊತ್ತಾಯಿತು. 1866ರಲ್ಲಿ ಮತ್ತೆ ದನ ಹುಡುಕಿ ಕೂಡಿಸಲು ಶುರು ಮಾಡಿದರು. ಆಗ ಮತ್ತೆ ಕೂಡಿಸಲು ಊರೂರಲ್ಲಿ ದನ ಇದ್ದವು, ಗುರುತಿಸುವವರೂ ಇದ್ದರು. ಇವತ್ತು ಅದೇ ತಪ್ಪು ಆದರೆ ಎಲ್ಲಿಂದ ಕೂಡಿಸುತ್ತೀರಿ? ಅಜ್ಜಂಪುರದ ಕೇಂದ್ರದಲ್ಲಿ ಸರ್ಕಾರ ಅಮೃತ ಮಹಲ್ ಉಳಿಸಿಕೊಂಡಿದೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಲಕ್ಷಾಂತರ ಎಕರೆ ಇದ್ದ ಕಾವಲುಗಳು ಕರಗಿ ಕರಗಿ ಇಷ್ಟೇ ಉಳಿದಿವೆ. ಚಳ್ಳಕೆರೆ ಕಡೆಯ ಕಾವಲಿನಲ್ಲಿ ಸಾವಿರಾರು ಎಕರೆ ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ದೇಶಕ್ಕೆ ಅವೂ ಬೇಕು, ಒಪ್ಪುತ್ತೇನೆ. ಉಳಿದಿರುವ ಕಾವಲನ್ನಾದರೂ ಇನ್ನು ಯಾರಿಗೂ ಕೊಡಬೇಡಿ. ಹುಲ್ಲು ಬಯಲು ಖಾಲಿ ಜಾಗ ಅಲ್ಲ, ಅದು ಆ ತಳಿಯ ಮನೆ.

ಈಗ ನೀವು ಕೇಳಬಹುದು, 'ನಮ್ಮ ತಳಿಗಳು ಈಗಾಗಲೇ ನೋಂದಣಿ ಆಗಿವೆಯಲ್ಲ, ಇನ್ನೇನು?' ಎಂದು. ಇಲ್ಲೇ ಗೊಂದಲ ಇದೆ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಕೇಂದ್ರ ತಳಿಯನ್ನು ನೋಂದಾಯಿಸುತ್ತದೆ. ಮಲೆನಾಡು ಗಿಡ್ಡಕ್ಕೆ 2012ರಲ್ಲಿ ಹಾಗೆ ಮಾನ್ಯತೆ ಸಿಕ್ಕಿತು. ಅದು ತಳಿಯ ಹೆಸರಿಗೆ ಸಿಕ್ಕಿದ ಮಾನ್ಯತೆ. ನನ್ನ ಮನೆಯ ಹಸು ಆ ತಳಿಗೆ ಸೇರಿದ್ದೇ, ಅದರ ತಂದೆ ತಾಯಿ ಯಾರು ಎಂಬುದಕ್ಕೆ ಅದರಲ್ಲಿ ಜಾಗ ಇಲ್ಲ. ಒಂದೊಂದು ದನವನ್ನೂ ಬರೆದಿಡುವ ಕೇಂದ್ರದ ಹಿಂಡು ನೋಂದಣಿ ಯೋಜನೆ ಬೇರೆಯೇ ಇದೆ. ರೋಹ್ಟಕ್, ಅಹಮದಾಬಾದ್, ಒಂಗೋಲ್, ಅಜ್ಮೇರ್‌ನಲ್ಲಿ ಅದರ ಕಚೇರಿಗಳು. ಅದರಲ್ಲಿರುವ ದನದ ತಳಿಗಳು ಗಿರ್, ಕಾಂಕ್ರೇಜ್, ಹರಿಯಾಣ, ಒಂಗೋಲ್. ಹಳ್ಳಿಕಾರ್ ಇಲ್ಲ, ಅಮೃತ ಮಹಲ್ ಇಲ್ಲ, ಖಿಲಾರಿ ಇಲ್ಲ, ಗಿಡ್ಡ ಇಲ್ಲ. ಕರ್ನಾಟಕದ ಒಂದು ತಳಿಯೂ ಇಲ್ಲ.

ನನ್ನ ಹಸುಗಳ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದೆ. ಒಳ್ಳೆ ಕೆಲಸ ಅದು. ಲಸಿಕೆ ಹಾಕಿದ್ದು, ಸಾಲ, ವಿಮೆ ಎಲ್ಲದಕ್ಕೂ ಆ ನಂಬರ್ ಬೇಕು. ಆದರೆ ಅದೇ ನಂಬರಿನ ಮುಂದೆ ತಂದೆಯ ನಂಬರ್, ತಾಯಿಯ ನಂಬರ್ ಎಂದು ಎರಡು ಸಾಲು ತುಂಬಿಸಿದರೆ ಅರ್ಧ ಪುಸ್ತಕ ಅಲ್ಲೇ ಆಯಿತು, ಅಲ್ವಾ? ಹೊಸದಾಗಿ ಓಲೆ ಮಾಡಿಸಬೇಕಾಗಿಲ್ಲ. ಬರೆಯುವ ಪದ್ಧತಿ ಬರಬೇಕು.

ಒಮ್ಮೆ ನಮ್ಮ ಹಸು ಬೆದೆಗೆ ಬಂದಾಗ ಊರಲ್ಲಿ ಹೋರಿ ಇರಲಿಲ್ಲ. ಸೂಜಿ ಹಾಕಿಸೋಣ (ಕೃತಕ ಗರ್ಭಧಾರಣೆ) ಎಂದು ಹಳ್ಳಿಕಾರ್ ಸೆಮನ್, ಅಂದರೆ ಹೋರಿಯ ವೀರ್ಯ, ಕೇಳಿದೆ. ಇದೆ ಎಂದು ಹಾಕಿದರು. ಯಾವ ಹೋರಿಯದು, ಅದರ ತಾಯಿ ಎಂಥದ್ದು ಎಂದು ಕೇಳಿದೆ. ಸೆಮನ್ ತುಂಬಿದ ಸ್ಟ್ರಾ ಮೇಲೆ ನಂಬರ್ ಇದೆ, ಅಷ್ಟೇ ಗೊತ್ತು ಎಂದರು. ಅದು ಅವರ ತಪ್ಪಲ್ಲ, ಬಿಸಿಲಲ್ಲಿ ಬೈಕ್ ಮೇಲೆ ದಿನಕ್ಕೆ ಹತ್ತೂರು ತಿರುಗುವವರು. ಆದರೆ ಒಂದೇ ಹೋರಿಯ ಸೆಮನ್ ಒಂದು ಹೋಬಳಿಗೆಲ್ಲ ವರ್ಷಾನುಗಟ್ಟಲೆ ಬಂದರೆ ಅಪ್ಪನೇ ಮಗಳಿಗೂ ಬರುತ್ತಾನೆ. ರಕ್ತ ಹತ್ತಿರವಾದಂತೆ ಕರು ಸಣ್ಣದಾಗುತ್ತದೆ, ಗಬ್ಬ ನಿಲ್ಲುವುದಿಲ್ಲ, ರೋಗ ತಡೆಯುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಊರಲ್ಲಿ ದನ ಸತ್ತದ್ದು ನೋಡಿದ್ದೇನೆ. ಹಲವು ಕಡೆ ಜಾತ್ರೆಗಳೇ ನಿಂತವು. ಅಂಥ ಒಂದು ರೋಗಕ್ಕೆ ಯಾವ ಸಾಲಿನ ದನ ತಡೆಯಿತು, ಯಾವುದು ತಡೆಯಲಿಲ್ಲ ಎಂದು ಹೇಳಲು ಇವತ್ತಿಗೂ ನಮ್ಮ ಹತ್ತಿರ ಬರಹ ಇಲ್ಲ.

2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ನಾಟಿ ದನ ಹಿಂದಿನ ಗಣತಿಗಿಂತ ಶೇ. 6ರಷ್ಟು ಕಡಿಮೆಯಾಗಿದ್ದವು, ಸೀಮೆ ಮತ್ತು ಮಿಶ್ರತಳಿ ಶೇ. 26.9ರಷ್ಟು ಜಾಸ್ತಿ. ನಮ್ಮ ಊರಿನ ಕೊಟ್ಟಿಗೆಗಳನ್ನು ನೋಡಿದರೆ ಇದು ಗಣತಿ ಹೇಳದಿದ್ದರೂ ಕಾಣುತ್ತದೆ. ದುಡಿಯುವ ತಳಿಗೆ ದುಡಿಮೆ ಹೋಯಿತು. ಟಿಲ್ಲರ್ ಬಂದ ಮೇಲೆ ಎತ್ತು ಉಳಿದಿರುವುದು ಪ್ರೀತಿಗೆ, ಜಾತ್ರೆಗೆ, ಓಟಕ್ಕೆ. ಪ್ರೀತಿ ದೊಡ್ಡದು. ಹುಡುಗರು ಸಾಲ ಮಾಡಿಯಾದರೂ ಹೋರಿ ಸಾಕುತ್ತಿದ್ದಾರೆ, ಅದನ್ನು ನೋಡಿ ನನಗೆ ಸಂತೋಷ. ಹಳ್ಳಿಕಾರ್‌ಗೆ ಈಗ ಬಂದಿರುವ ಬೆಲೆ ಅವರಿಂದಲೇ ಬಂದದ್ದು. ಆದರೆ ಬೆಲೆ ಏರಿದ ಕಡೆ ಕಲಬೆರಕೆಯೂ ಬರುತ್ತದೆ.

ಸಂಘ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುವುದಿಲ್ಲ. ಸಂಘಗಳೇ ತಳಿ ಕೆಡಿಸಿದ ಉದಾಹರಣೆ ಇದೆ. ಅಮೆರಿಕದಲ್ಲಿ 1940, 50ರ ದಶಕಗಳಲ್ಲಿ ಹೆರ್‌ಫರ್ಡ್ ಎಂಬ ಮಾಂಸದ ತಳಿಗೆ ಪ್ರದರ್ಶನದ ಹುಚ್ಚು ಹಿಡಿಯಿತು. ಗಿಡ್ಡಗೆ, ಗುಂಡಗೆ, ಕಾಲು ಚಿಕ್ಕದಾಗಿ ಇರುವ ಹೋರಿಗೇ ಬಹುಮಾನ. ಅಂಥ ಹೋರಿಗಳಲ್ಲಿ ಹಲವು ಕುಳ್ಳತನದ ದೋಷವನ್ನು ಒಳಗೇ ಹೊತ್ತಿದ್ದವು. ಹೊರಗೆ ನೋಡಿದರೆ ಚೆಂದ. ಅಂಥ ಎರಡು ದನ ಕೂಡಿದಾಗ ಬದುಕಲಾರದ ಕುಬ್ಜ ಕರುಗಳು ಹುಟ್ಟಿದವು. ಸಾಕಿದವರು ನಷ್ಟದಲ್ಲಿ ಮುಳುಗಿದರು. ಕೊನೆಗೆ ಯಾವ ಸಾಲಿನಲ್ಲಿ ದೋಷ ಇದೆ ಎಂದು ಹುಡುಕಲು ದಾರಿ ತೋರಿಸಿದ್ದೂ ಆ ವಂಶದ ಪುಸ್ತಕಗಳೇ.

ಅದಕ್ಕೇ ನನ್ನ ಬೇಡಿಕೆ ಹೀಗಿದೆ. ನಮ್ಮ ಪುಸ್ತಕದಲ್ಲಿ ಕೊಂಬಿನ ಚೆಂದ ಕೊನೆಗೆ ಇರಲಿ. ಮೊದಲು ಕೆಲಸ. ಇಷ್ಟು ಭಾರದ ಗಾಡಿಯನ್ನು ಇಷ್ಟು ದೂರ ಎಷ್ಟು ಹೊತ್ತಲ್ಲಿ ಎಳೆಯಿತು, ಎಳೆದ ಮೇಲೆ ಉಸಿರು ಎಷ್ಟು ಹೊತ್ತಿಗೆ ತಹಬಂದಿಗೆ ಬಂತು ಎಂದು ಬರೆಯಲಿ. ಹಸು ಮೊದಲ ಕರು ಯಾವ ವಯಸ್ಸಿಗೆ ಹಾಕಿತು, ಎರಡು ಕರುವಿನ ನಡುವೆ ಎಷ್ಟು ತಿಂಗಳು, ಒಟ್ಟು ಎಷ್ಟು ಕರು ಉಳಿಸಿತು ಎಂದು ಬರೆಯಲಿ. ಸ್ವಭಾವ ಬರೆಯಲಿ, ಹಾಯುತ್ತದೋ, ಸಾಧುವೋ ಎಂದು. ಮಲೆನಾಡು ಗಿಡ್ಡಕ್ಕೆ ಬೇರೆ ಅಳತೆ. ಅಲ್ಲಿ ಗಾಡಿ ಬೇಡ. ಎಷ್ಟು ಮೇವಿಗೆ ಎಷ್ಟು ಹಾಲು, ಮಳೆಗಾಲದಲ್ಲಿ ಎಷ್ಟು ಸಲ ಕಾಯಿಲೆ ಬಿತ್ತು ಎಂಬುದೇ ಮುಖ್ಯ. ಒಂದು ತಳಿಯ ಅಳತೆಗೋಲಿನಲ್ಲಿ ಇನ್ನೊಂದನ್ನು ಅಳೆದೇ ನಾವು ಇಷ್ಟು ಕಳೆದುಕೊಂಡಿರುವುದು. ಹಾಲಿನ ಲೀಟರಿನಲ್ಲಿ ಹಳ್ಳಿಕಾರ್ ಅಳೆದರೆ ಅದು ಯಾವತ್ತೂ ಸೋಲುತ್ತದೆ.

ಸಚಿವರೇ, ದೊಡ್ಡ ಹಣ ಕೇಳುತ್ತಿಲ್ಲ. ಒಂದೊಂದು ತಳಿಗೆ ಸಾಕುವವರೇ ಸದಸ್ಯರಾಗಿರುವ ಒಂದು ಸಂಘಕ್ಕೆ ಮಾನ್ಯತೆ ಕೊಡಿ. ಅದು ಇಡುವ ಪುಸ್ತಕಕ್ಕೆ ಇಲಾಖೆಯ ಮೊಹರು ಇರಲಿ. ಮೊದಲ ಕೆಲವು ವರ್ಷ ಬಾಗಿಲು ತೆರೆದೇ ಇರಲಿ. ತಂದೆ ತಾಯಿ ಗೊತ್ತಿಲ್ಲದಿದ್ದರೂ ತಳಿಯ ಲಕ್ಷಣ ಪೂರ್ತಿ ಇರುವ ದನವನ್ನು ಮೊದಲ ತಲೆಮಾರು ಎಂದು ಬರೆಯಲಿ. ಅದರ ಕರು ಎರಡನೆಯದು, ಆ ಕರುವಿನ ಕರು ಮೂರನೆಯದು. ಬಡವನ ಮನೆಯ ಒಂದೇ ಹಸುವಿಗೂ ಹೀಗೆ ಒಳಗೆ ಬರಲು ದಾರಿ ಇರುತ್ತದೆ. ಇಲ್ಲದಿದ್ದರೆ ಪುಸ್ತಕ ಇಪ್ಪತ್ತು ಜನ ದೊಡ್ಡವರ ಆಸ್ತಿ ಆಗಿಬಿಡುತ್ತದೆ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ಬೀಜದ ಹೋರಿಗಳಿಗೆ ಡಿಎನ್ಎ ಪರೀಕ್ಷೆ ಮಾಡಿ ಅಪ್ಪ ಮಗ ಹೌದೋ ಅಲ್ಲವೋ ಹೇಳುವ ಏರ್ಪಾಡು ಮಾಡಲಿ. ಸೆಮನ್ ಕೊಡುವಾಗ ಹೋರಿಯ ಫೋಟೊ, ತಾಯಿಯ ವಿವರ ಇರುವ ಒಂದು ಚೀಟಿ ರೈತನ ಕೈಗೆ ಸಿಗಲಿ. ಅಜ್ಜಂಪುರದಲ್ಲಿರುವ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ನೋಡಲು ಬಿಡಿ.

ದೊಡ್ಡ ಜಾತ್ರೆಗಳು ನಮ್ಮಲ್ಲಿ ಇನ್ನೂ ಇವೆ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ, ಚುಂಚನಕಟ್ಟೆ. ಸಾವಿರಾರು ದನ ಒಂದೇ ಕಡೆ ಸೇರುತ್ತವೆ. ಇಂಥ ಅವಕಾಶ ಬೇರೆ ಎಲ್ಲಿ ಸಿಗುತ್ತದೆ? ಪ್ರತಿ ಜಾತ್ರೆಯಲ್ಲೂ ನೀರಿನ ಟ್ಯಾಂಕ್, ಪಶು ಆಸ್ಪತ್ರೆಯ ಶಾಮಿಯಾನ ಹಾಕಿಸುತ್ತೀರಿ. ಅದರ ಪಕ್ಕ ಇನ್ನೊಂದು ಮೇಜು, ಬರೆಯಲು ಇಬ್ಬರು, ಅಳತೆ ಟೇಪು ಇಡಿಸಿ. ಬೇರೇನೂ ಬೇಡ.

ಅಣ್ಣಂದಿರೇ, ಅಕ್ಕಂದಿರೇ, ಈಗ ನಮ್ಮ ನಮ್ಮಲ್ಲಿ ಒಂದು ಮಾತು. ಸರ್ಕಾರ ಮಾಡುವವರೆಗೂ ನಾವು ಸುಮ್ನೆ ಕೂರಬೇಕಾಗಿಲ್ಲ. ನಮ್ಮ ನಡುವೆ ಹಳೇ ಜಗಳಗಳಿವೆ. ನನ್ನ ಸಾಲೇ ಅಸಲಿ, ನಿನ್ನದು ಬೆರಕೆ ಎಂಬ ಮಾತು ಜಾತ್ರೆಯಲ್ಲಿ ಕೇಳುತ್ತಲೇ ಇರುತ್ತದೆ. ಕರುವಿನ ಅಪ್ಪನ ಹೆಸರು ತಪ್ಪು ಹೇಳಿದರೆ ಇವತ್ತು ಐದು ಸಾವಿರ ಜಾಸ್ತಿ ಸಿಗಬಹುದು. ಆದರೆ ಆ ಸುಳ್ಳು ನಮ್ಮ ಮಕ್ಕಳ ಕೊಟ್ಟಿಗೆಗೇ ಬರುತ್ತದೆ, ನನ್ನ ಕೊಟ್ಟಿಗೆಗೆ ಬಂದ ಹಾಗೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯೋಣ. ಅದೂ ಒಂದು ಸರಿಯಾದ ದಾಖಲೆ.

ನಾನು ಆ ಹೋರಿಯನ್ನು ಬೀಜಕ್ಕೆ ಬಿಡುವುದು ನಿಲ್ಲಿಸಿದೆ. ಈಗ ಅದು ನಮ್ಮ ಗಾಡಿ ಎಳೆಯುತ್ತದೆ, ಚೆನ್ನಾಗಿಯೇ ಎಳೆಯುತ್ತದೆ. ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಹಾಕಿದೆ. ಓಲೆ ನಂಬರ್, ಹುಟ್ಟಿದ ದಿನ, ತಾಯಿ, ತಂದೆ, ತಂದೆ ಇರುವ ಊರು, ಬಣ್ಣ, ಸುಳಿ, ಕರುವಿನ ಲೆಕ್ಕ. ಅಕ್ಕಪಕ್ಕದ ಊರುಗಳವರೂ ಬಂದು ಬರೆಸಿದರು. ಈವರೆಗೆ ಮೂವತ್ತೊಂದು ದನ ಆಗಿವೆ. ಅದರಲ್ಲಿ ಹತ್ತೊಂಬತ್ತಕ್ಕೆ ತಂದೆಯ ಜಾಗದಲ್ಲಿ 'ಗೊತ್ತಿಲ್ಲ' ಎಂದಿದೆ. ಬೀದಿಯ ಅಕ್ಕನ ಹಸು ಈಗ ಮತ್ತೆ ಗಬ್ಬ. ಈ ಸಲ ಹೋರಿಯನ್ನು ನಾವಿಬ್ಬರೂ ಹೋಗಿ ನೋಡಿ ಬಂದೆವು. ಅದರ ತಾಯಿಯನ್ನೂ ನೋಡಿದೆವು. ಪಂಚಾಯಿತಿ ಕಟ್ಟೆಯ ಎದುರು ಮನೆ, ಒಂಬತ್ತು ಕರು ಹಾಕಿದ ಹಸು, ಇನ್ನೂ ಗಟ್ಟಿಯಾಗಿದೆ.

ಮುಂದಿನ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಆ ನೋಟ್‌ಬುಕ್ ತರುತ್ತೇನೆ. ಹಳ್ಳಿಕಾರ್ ಸಾಲಿನ ಮೊದಲಲ್ಲೇ ಕೂತಿರುತ್ತೇನೆ. ನಿಮ್ಮ ದನದ ಓಲೆ ನಂಬರ್, ಅದರ ಅಪ್ಪನ ಊರು ಬರೆದುಕೊಂಡು ಬನ್ನಿ. ಇಲಾಖೆಯಿಂದಲೂ ಒಬ್ಬರು ಬಂದರೆ, ಎರಡನೇ ಕುರ್ಚಿ ನಾನೇ ಮನೆಯಿಂದ ತರುತ್ತೇನೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಹಳ್ಳಿಕಾರ್ ಸಾಕುವ ರೈತ